ನೀರಿನ ಬದಿಯ ಜಾಗದ ರೇಟು

೪ ನವೆಂಬರ್ ೨೦೨೪, ಸೋಮವಾರ. ಬೆಳಿಗ್ಗೆ ೭

ಕಕ್ಕಸು ತೊಳೆದಾಯಿತು. ಟ್ಯಾಂಕಿಗೆ ನೀರು ಏರಿಸಿದೆ. ವಾರಾಂತ್ಯದವರು ಬಿಟ್ಟುಹೋದ ಬಾಟಲಿ ಎರಡು ಚೀಲ. ಪ್ರಕೃತಿ ನೋಡಲು ಬಂದಿದ್ದರಂತೆ ಪುಣ್ಯಾತ್ಮರು.

ಶರಣು ಬಂದಿದ್ದ. ಇನ್ನು ಮುಂದೆ 'ಸರ್' ಅನ್ನಬೇಕಂತೆ. ಆಫೀಸಿನ ಮೇಜಿನ ಮೇಲಿದ್ದ ಎಲೆ-ಅಡಿಕೆ ತಾಟು ನೋಡಿ ಮುಖ ಸಿಂಡರಿಸಿದ. "ಜಯಕ್ಕಾ, ಇದನ್ನ ಒಳಗ ಇಡ್ರಿ. ಗೆಸ್ಟ್ ಬರೂ ಜಾಗಾ ಇದು, ಮದಿವಿ ಮನಿ ಅಲ್ಲ."

ಅವನ ಅಪ್ಪ, ನಮ್ಮ ಧಣಿ ಪರಮೇಶ್ವರಪ್ಪನವರು ಇಟ್ಟಿದ್ದ ತಾಟು. ಹಾನಗಲ್ಲಿನಿಂದ ಎಂಟು ಕಿಲೋಮೀಟರ್ ದೂರ, ಕೆರೆ ದಂಡೆಯ ಈ ಎರಡೆಕರೆಯಲ್ಲಿ ಯಾರು ಬೇಕಾದರೂ ಟೆಂಟ್ ಹಾಕಬಹುದಿತ್ತು. ಹೋಗುವಾಗ ಎಲೆಯ ಕೆಳಗೆ ಕೈಲಾದಷ್ಟು ಇಡುವುದು. ತಲೆಗೆ ಐವತ್ತು, ನೂರು. ರೇಟು ನಾವು ಹೇಳುತ್ತಿರಲಿಲ್ಲ, ಅವರು ಕೇಳುತ್ತಿರಲಿಲ್ಲ. ಕೇಳಿದರೆ ಧಣಿಗಳಿಗೆ ಸಿಟ್ಟು — "ಬೀಗರ ಮನ್ಯಾಗ ಉಂಡು ರೊಟ್ಟಿಗೆ ಎಷ್ಟು ಅಂತ ಕೇಳ್ತೀರೇನು?"

ಫೆಬ್ರವರಿಯಲ್ಲಿ ಧಣಿಗಳು ತೀರಿಹೋದರು. ಈಗ ಗೋಡೆ ಮೇಲೆ ಸ್ಕ್ಯಾನರ್. ಸ್ವಂತ ಟೆಂಟ್ ತಂದರೂ ತಲೆಗೆ ಆರುನೂರು. ನೀರಿನ ಬದಿ ಜಾಗಕ್ಕೆ ಮುನ್ನೂರು ಮೇಲೆ. ಮನೆಯಿಂದ ಬುತ್ತಿ ತಂದರೆ ದಿನಕ್ಕೆ ಇನ್ನೂರು, ಹೊರಗಿನ ಊಟದ ಚಾರ್ಜು. ಶನಿವಾರ ಭಾನುವಾರ ಎಷ್ಟು ಅಂತ ಬುಕಿಂಗ್ ಫೋನೇ ಹೇಳುತ್ತದೆ, ತಾಸಿಗೊಂದು ತರಹ.

ಬುತ್ತಿಗೂ ಬಾಡಿಗೆ! ಥೂ.

೯ ನವೆಂಬರ್, ಶನಿವಾರ

ಹಿರೇಕೆರೂರಿನ ಮೈಲಾರಲಿಂಗ ಮಾಸ್ತರರ ಫೋನು. ಪ್ರತಿವರ್ಷ ನಾಲ್ಕು ಜನ ಸೈಕಲ್ ಮೇಲೆ ಬರುವವರು. ರೇಟು ಹೇಳಿದೆ. ನಕ್ಕರು. "ಯವ್ವಾ, ಆ ರೊಕ್ಕದಾಗ ನಾವು ಗೋವಾ ನೋಡಿ ಬರ್ತೇವಲ್ಲ!" ನಾನೂ ನಕ್ಕೆ. ಆಮೇಲೆ ಬೇಜಾರಾಯಿತು.

ಶರಣುಗೆ ಹೇಳಿದರೆ ಖುಷಿ. ಅಂಥವರು ಬರದಿದ್ದರೇ ಕ್ವಾಲಿಟಿ ಅಂತೆ. ಶನಿವಾರ ಪೂರ್ತಿ ತುಂಬಿದರೆ ನನಗೆ ತಿಂಗಳಿಗೆ ಎರಡು ಸಾವಿರ ಇನ್ಸೆಂಟಿವ್. ಬೇಡ ಅನ್ನಲಿಲ್ಲ ನಾನು. ಅದನ್ನೂ ಬರೆದಿಡಬೇಕು.

೨೦ ನವೆಂಬರ್, ಬುಧವಾರ. ಮಧ್ಯಾಹ್ನ

ಹಯಾತ ಕಾಕಾ, ನಸೀರಾ ಕಾಕಿ ಬಂದರು. ಫೋನೂ ಮಾಡಿಲ್ಲ, ಏನೂ ಇಲ್ಲ. ಒಂಬತ್ತು ವರ್ಷದಿಂದ ನವೆಂಬರ್ ಕೊನೆಗೆ ಬರುತ್ತಾರೆ, ನಾಲ್ಕು ದಿನ ಇರುತ್ತಾರೆ, ಫೋನ್ ಯಾಕೆ ಮಾಡಬೇಕು?

ಕಾಕಾ ಸವಣೂರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಈಗ ಗಡಿಯಾರ ಯಾರು ಕಟ್ಟುತ್ತಾರೆ... ಅಂಗಡಿ ಹಿಂದಿನ ಒಂದೇ ಕೋಣೆ. ಅದರಲ್ಲಿ ಮಗ, ಸೊಸೆ, ಮೂರು ಮೊಮ್ಮಕ್ಕಳು, ಇವರಿಬ್ಬರು. ಕಾಕಿ ಯಾವಾಗಲೂ ಹೇಳುವುದು — "ವರ್ಷದಾಗ ನಾಕ ದಿನ ನೋಡವಾ ನಾ ಕಾಲು ಚಾಚಿ ಮಲಗೂದು."

ಈ ಸಲ ಕಾಕಿ ಅರ್ಧ ಆಗಿದ್ದಾರೆ. ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ಹೊಟ್ಟೆ ಆಪರೇಶನ್ ಆಯಿತಂತೆ. ಹಾಸಿಗೆ ಹಿಡಿದಾಗಿನಿಂದ ಒಂದೇ ಮಾತು, ಕೆರೆಗೆ ಯಾವಾಗ ಹೋಗೋಣ, ಕೆರೆಗೆ ಯಾವಾಗ ಹೋಗೋಣ.

"ಧಣಿಗಳು ಎಲ್ಲಿ?" ಅಂದರು ಕಾಕಾ. ಹೇಳಿದೆ. ಟೊಪ್ಪಿಗೆ ಸರಿಮಾಡಿಕೊಂಡು ಎರಡೂ ಕೈ ಎತ್ತಿ ದುವಾ ಮಾಡಿದರು. ಆಗಲೇ ರೇಟೂ ಹೇಳಬೇಕಿತ್ತು. ಸತ್ತ ಸುದ್ದಿಯ ಬೆನ್ನಿಗೇ ಹೇಗೆ ಹೇಳುವುದು? ಅಷ್ಟರಲ್ಲಿ ಕಾಕಿ ಸವಣೂರು ಖಾರಾದ ಪೊಟ್ಟಣ ನನ್ನ ಕೈಗಿಟ್ಟರು. ಟೆಂಟು ಅದೇ ಜಾಗದಲ್ಲಿ, ನೀರಿನ ಬದಿ.

ರಜಿಸ್ಟರಿನಲ್ಲಿ 'ನಮ್ಮವರು' ಅಂತ ಬರೆದೆ. ಧಣಿಗಳ ಕಾಲದಲ್ಲಿ ಹಾಗೇ ಬರೆಯುತ್ತಿದ್ದೆ. ಫೋನಿಗೆ ಏರಿಸಲಿಲ್ಲ. ನಡುವಾರ, ಶರಣು ಹುಬ್ಬಳ್ಳಿಯಲ್ಲಿ. ಯಾರು ನೋಡುತ್ತಾರೆ?

೨೧ ನವೆಂಬರ್, ಗುರುವಾರ

ಕಾಕಿ ಬೆಳಿಗ್ಗೆಯಿಂದ ನೀರಿನ ಹತ್ತಿರ. ಬಾತುಗಳು ಬಂದಿವೆ. ಸುಮ್ಮನೆ ನೋಡುತ್ತಾ ಕುಳಿತಿದ್ದರು. ಮುಖಕ್ಕೆ ಸ್ವಲ್ಪ ಕಳೆ ಬಂದಿದೆ. ನನ್ನನ್ನು ಕರೆದು ಚಾಪೆ ಮೇಲೆ ಕೂರಿಸಿಕೊಂಡು ರೊಟ್ಟಿ, ಪುಂಡಿಪಲ್ಯ ತಿನ್ನಿಸಿದರು. ಎರಡು ರೊಟ್ಟಿ ತಿಂದೆ. ತಿಂದ ಬಾಯಲ್ಲಿ ಆರುನೂರು ಅನ್ನಲೇ?

ನಾಳೆ ಹೇಳುತ್ತೇನೆ.

೨೨ ನವೆಂಬರ್, ಶುಕ್ರವಾರ

ಹೇಳಲು ಹೋದೆ. "ಕಾಕಾ, ಈಗ ಮೊದಲಿನಂಗ ಇಲ್ರಿ ಇಲ್ಲೆ..." ಅಂದೆ. "ಹೂಂ ಮಗಳ, ನೋಡಾಕತ್ತೇನಲ್ಲ, ಲೈಟು ಭಾಳ ಹಾಕ್ಯಾರ" ಅಂದರು. ಊರೆಲ್ಲರಿಗೆ ಪಟಪಟ ಉತ್ತರ ಕೊಡುವವಳು ನಾನು! ಕಾಕಾನ ಮುಂದೆ ಮೂಗಿ.

೨೩ ನವೆಂಬರ್, ಶನಿವಾರ. ಸಂಜೆ

ಬೆಳಿಗ್ಗೆ ಹತ್ತಕ್ಕೆ ಶರಣು ಬಂದ. ನೀರಿನ ಬದಿಯ ಜಾಗ ಯಾರೋ ಹುಬ್ಬಳ್ಳಿ ಜೋಡಿಗೆ ಬುಕ್ ಆಗಿತ್ತು. ನಾನು ಫೋನು ನೋಡಿರಲಿಲ್ಲ. ಅಲ್ಲಿ ಕಾಕಾನ ಹಳೇ ನೀಲಿ ಟೆಂಟು, ಹಗ್ಗದ ಮೇಲೆ ಕಾಕಿಯ ಸೀರೆ.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಕೈ ಮುಗಿದ. "ಕಾಕಾ, ಅಪ್ಪಾಜಿ ನಿಮ್ಮ ಹೆಸರು ಭಾಳ ಹೇಳ್ತಿದ್ರು. ಆರಾಮ ಕುಂತ್ರಿ, ಚಹಾ ಕುಡೀರಿ." ನನ್ನನ್ನು ಆಫೀಸಿಗೆ ಕರೆದ. ರಜಿಸ್ಟರ್ ತೆಗೆದ. ನಮ್ಮವರು ಅನ್ನೋದರ ಮೇಲೆ ಬೆರಳಿಟ್ಟ.

"ಯಾರ ನಮ್ಮವ್ರು? ಬಿಲ್ ಮಾಡ್ರಿ."

ನನ್ನ ಪಗಾರದಲ್ಲಿ ಹಿಡಿದುಕೊಳ್ಳಿ ಅಂದೆ. "ನೀವು ಕೊಟ್ರ ಅವ್ರಿಗೆ ಅವಮಾನ ಅಲ್ಲೇನು ಜಯಕ್ಕಾ? ಮರ್ಯಾದಸ್ಥ ಮಂದಿ ಅವ್ರು." ಏನು ನಾಲಿಗೆ! ಅಪ್ಪನಿಂದ ಮಾತು ಕಲಿತ, ಮನಸ್ಸೊಂದು ಬಿಟ್ಟು.

ಮೂರು ರಾತ್ರಿಗೆ ಇಬ್ಬರಿಗೆ ಮೂರು ಸಾವಿರದ ಆರುನೂರು. ನೀರಿನ ಬದಿಗೆ ಒಂಬತ್ತು ನೂರು. ರೊಟ್ಟಿಗೆ ಆರುನೂರು. ಆ ರೊಟ್ಟಿಯಲ್ಲಿ ಎರಡು ನಾನೇ ತಿಂದಿದ್ದೆ. ಒಟ್ಟು ಐದು ಸಾವಿರದ ನೂರು. ಪರಿಚಯದವರು ಅಂತ ಶರಣು ನೂರು ಬಿಟ್ಟ.

ಚೀಟಿ ನನ್ನ ಕೈಯಲ್ಲೇ ಕೊಡಿಸಿದ.

ಕಾಕಾ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಇನ್ನೊಂದು ಕೈಯಲ್ಲಿ ನೂರರ ನಾಲ್ಕು ನೋಟು ಮಡಚಿ ಹಿಡಿದಿದ್ದರು, ಇಡಲು ತಾಟು ಹುಡುಕುತ್ತಿದ್ದರಂತೆ. ಬೈಯಲಿಲ್ಲ. "ಮಗಳ, ಮೊದಲ ದಿನಾನ ಹೇಳಿದ್ರ... ನಾವು ಒಂದ್ ತಾಸು ಕುಂತು, ನೀರು ನೋಡಿ, ಹೊಳ್ಳಿ ಹೋಗ್ತಿದ್ವಿ."

ಕಾಕಿ ಸೊಂಟದ ಸಂಚಿ ಬಿಚ್ಚಿದರು. ಸೋಮವಾರ ಹುಬ್ಬಳ್ಳಿ ಡಾಕ್ಟರಿಗೆ ತೋರಿಸಲು ಇಟ್ಟಿದ್ದ ಹಣ. ನನಗೆ ಗೊತ್ತಿತ್ತು, ಬಂದ ದಿನವೇ ಹೇಳಿದ್ದರು. ನಾನು ಎಣಿಸಿಕೊಂಡೆ. ಹೌದು, ಎಣಿಸಿದೆ! ಶರಣು ನೋಡುತ್ತಿದ್ದ.

"ಬಸ್ಸಿಗೆ ಅದಾವೇನ್ರಿ?" ಅಂತ ಕೇಳಿದೆ. "ನನಗ ಫ್ರೀ ಐತಿ. ಇವ್ರದೊಂದ ತಿಕೀಟು" ಅಂದರು ಕಾಕಿ. ಅಷ್ಟೇ ಅವರು ನನ್ನೊಡನೆ ಆಡಿದ್ದು.

ಹನ್ನೆರಡಕ್ಕೆ ಹುಬ್ಬಳ್ಳಿ ಜೋಡಿ ಬಂತು. ಬಾತುಗಳಿಗೆ ಕೇಳುವಂತೆ ಹಾಡು ಹಚ್ಚಿದರು.

೨೪ ನವೆಂಬರ್, ಭಾನುವಾರ

ಎಲ್ಲಾ ಟೆಂಟು ಫುಲ್. ಇನ್ಸೆಂಟಿವ್ ಗ್ಯಾರಂಟಿ ಅಂದ ಶರಣು.

ಅವನನ್ನು ಬೈದು ಬೈದು ಬರೆಯಬಹುದು. ಆದರೆ ಬುಧವಾರವೇ ಒಂದು ಮಾತು ಹೇಳಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಅವನು ಹಣ ಕಸಿದುಕೊಂಡ. ನಾನು ಮರ್ಯಾದೆ ನೋಡಿಕೊಂಡೆ, ನನ್ನದು. ನನ್ನ ಮೇಲೆ ನನಗೇ ಹೇಸಿಗೆ.

೯ ಡಿಸೆಂಬರ್, ಸೋಮವಾರ

ರಜೆ. ಸವಣೂರಿಗೆ ಹೋಗಿ ಬಂದೆ, ಶಿಗ್ಗಾಂವಿಯಲ್ಲಿ ಬಸ್ ಬದಲಿಸಿ. ಇನ್ಸೆಂಟಿವ್ ಎರಡು ಸಾವಿರ, ನನ್ನದು ಮೂರು. ಒಂದು ಲಕೋಟೆಯಲ್ಲಿ ಹಾಕಿ ಒಯ್ದಿದ್ದೆ.

ಕಾಕಿ ಕೋಣೆಯ ಮೂಲೆಯಲ್ಲಿ ಕಾಲು ಮಡಚಿಕೊಂಡು ಮಲಗಿದ್ದರು. ಎದ್ದು ಕುಳಿತರು. ನನಗೆ ಖುರ್ಚಿ ಹಾಕಿಸಿದರು. ನನಗೆ! ಕೆರೆಯ ಹತ್ತಿರ ಒಂದೇ ಚಾಪೆ ಮೇಲೆ ಕೂರಿಸಿಕೊಂಡವರು. ಕಪ್ಪು-ಬಸಿಯಲ್ಲಿ ಚಹಾ ಬಂತು, ಪಾಹುಣ್ಯಾರಿಗೆ, ಹೊರಗಿನ ಅತಿಥಿಗಳಿಗೆ ಕೊಡುವಂತೆ.

ಲಕೋಟೆ ಇಟ್ಟೆ. ಕಾಕಾ ನನ್ನ ಕಡೆಗೇ ಸರಿಸಿದರು. "ಇದ್ವಿ, ಕೊಟ್ವಿ. ನೀವು ಧಂದೆ ಮಾಡೂ ಮಂದಿ, ನಿಮಗೂ ಖರ್ಚು ಇರ್ತಾವ."

ನೀವು.

ಡಾಕ್ಟರಿಗೆ ತೋರಿಸಿದಿರಾ ಅಂತ ಕೇಳಿದೆ. "ಮುಂದಿನ ತಿಂಗಳು" ಅಂದರು. ಲಕೋಟೆಯನ್ನು ದಿಂಬಿನ ಕೆಳಗೆ ತುರುಕಿ ಬಂದೆ. ಸೊಸೆ ನೋಡಿ ಬಸ್ ಸ್ಟ್ಯಾಂಡಿನವರೆಗೆ ಬಂದು ವಾಪಸ್ ಕೊಟ್ಟಳು. ಬಸ್ಸಿನಲ್ಲಿ ಕುಳಿತು ಅತ್ತುಬಿಟ್ಟೆ. ಪಕ್ಕದವಳು ಯಾರ್ ತೀರಿದ್ರು ಅಂತ ಕೇಳಿದಳು.

೧೮ ಜನವರಿ ೨೦೨೫, ಶನಿವಾರ. ಬೆಳಿಗ್ಗೆ ೧೧

ಈಗಷ್ಟೇ ಕ್ಯಾಂಪಿನ ನಂಬರಿಗೆ ಫೋನು. ಎತ್ತಿದೆ. ಕಾಕಾನ ದನಿ. ನಾನು ಅಂತ ಗೊತ್ತಾಗಿತ್ತು ಅವರಿಗೆ, ಗೊತ್ತಾಗದೆ ಇರುತ್ತದೆಯೇ...

"ಮೇಡಂ, ನಿಮ್ಮಲ್ಲಿ ರೇಟ್ ಎಷ್ಟ್ರಿ?"

ಒಂಬತ್ತು ವರ್ಷ ಕೇಳದಿದ್ದ ಮಾತು. ಕಾಕಾ, ನಾ ಜಯಾ ಅಂದೆ. "ಹೌದ್ರಿ" ಅಂದರು. "ಟೆಂಟು ಬ್ಯಾಡ. ರಾತ್ರಿ ಇರೂದಿಲ್ಲ. ಊಟಾ ಏನೂ ತರೂದಿಲ್ಲ. ಹಗಲು ಎರಡು ತಾಸು, ನೀರಿನ ಬಾಜೂಕ. ಒಬ್ಬರಿಗೆ ಅಷ್ಟ. ಇಕಿ ಒಳಗ ಕುಂದರ್ತಾಳ, ನಾ ಹೊರಗ ರೋಡಿನ ಮ್ಯಾಲ ಇರ್ತೇನಿ. ಡಾಕ್ಟರ್ ಅಂದಾರ... ಆಕಿ ಏನು ಕೇಳ್ತಾಳೋ ಕೊಡ್ರಿ ಅಂದಾರ. ಆಕಿ ಇದೊಂದ ಕೇಳಾಕತ್ತಾಳ."

ಗೇಟಿನಲ್ಲಿ ಶರಣುವಿನ ಕಾರು ನಿಂತಿತ್ತು. ಶನಿವಾರ. ಮೇಜಿನ ಮೇಲೆ ಫೋನಿನಲ್ಲಿ ರೇಟು ಬದಲಾಗುತ್ತಿತ್ತು, ನಾನು ನೋಡುತ್ತಿದ್ದಂತೆಯೇ ಇನ್ನೂರು ಏರಿತು.

"ಎಷ್ಟ್ರಿ ಮೇಡಂ?" ಅಂದರು ಮತ್ತೆ.

ಬನ್ನಿ ಅನ್ನಬೇಕಿತ್ತು. ಇಬ್ಬರೂ ಬನ್ನಿ, ಇಂದೇ ಬನ್ನಿ, ಯಾವನು ತಡೆಯುತ್ತಾನೋ ನೋಡುತ್ತೇನೆ ಅನ್ನಬೇಕಿತ್ತು. ಬಾಯಿ ತೆರೆದೆ. ಶರಣು ಒಳಗೆ ಬಂದ. ನನ್ನ ಬಾಯಿಂದ ಬಂದದ್ದು ರೇಟು, ಆ ಏರಿದ ಇನ್ನೂರು ಸೇರಿಸಿಯೇ.