ಭರಮಸಾಗರದ ಹುಡುಗನಿಗೆ ನೌಕರಿ

೧೪ ಜುಲೈ, ಸೋಮವಾರ

ದುರ್ಗದ ಕೋಚಿಂಗ್ ಸೆಂಟರಿನ ಮೂಡಲಗಿರಿಯಪ್ಪನವರು ಜಾಹೀರಾತು ಬರೆಯುವ ಕೆಲಸ ಕೊಡುತ್ತಾರಂತೆ. ನನ್ನನ್ನು ಪರೀಕ್ಷಿಸಲೆಂದು ಇವತ್ತು ಒಂದು ಬರೆಸಿಕೊಂಡರು: ಅವರಲ್ಲಿ ಓದಿ ನೌಕರಿ ಹಿಡಿದ ಭರಮಸಾಗರದ ಹುಡುಗನ ಅನುಭವ.

“ಹುಡುಗನ ನಂಬರ್ ಕೊಡ್ರಿ ಸಾರ್, ಮಾತಾಡ್ತೀನಿ” ಎಂದೆ.

“ಹುಡುಗ ಎಲ್ಲಿದಾನಪ್ಪ? ಕತೆ ಬರೀತೀನಿ ಅಂತೀಯ, ನೀನೇ ಹುಟ್ಸು.”

ಹುಟ್ಟಿಸಿದೆ. ಎರಡು ವರ್ಷದಿಂದ ಕೆಲಸ ಸಿಗದ ನಾನು ಅರ್ಧ ಗಂಟೆಯಲ್ಲಿ ಅವನಿಗೆ ನೌಕರಿ ಕೊಡಿಸಿದೆ. ಅವನ ಫೀಸಿಗೆಂದು ತಾಯಿ ಮೇಕೆ ಮಾರುತ್ತಾಳೆ. ಓದುತ್ತಾ ಅಲ್ಲಿಗೆ ಬಂದಾಗ ಮೂಡಲಗಿರಿಯಪ್ಪನವರು ಕಣ್ಣೊರೆಸಿಕೊಂಡರು, ಸುಳ್ಳೆಂದು ಗೊತ್ತಿದ್ದೂ.

ಮನೆಯಲ್ಲಿ ಅಕ್ಕ ಶಬನಾಗೆ ಹೇಳಿದೆ. “ನಿನ್ನ ಕತೆಗಳೆಲ್ಲ ಸುಳ್ಳೇ ಅಲ್ವೇನೋ ಮುಝಫರ್? ಇದಕ್ಕಾದ್ರೆ ಸಂಬಳ ಐತೆ. ಸುಮ್ನೆ ಹೋಗು” ಅಂದಳು.

ಅವಳ ಲೆಕ್ಕ ತಪ್ಪಲ್ಲ. ಆದರೆ ನನ್ನ ಕತೆ ಓದಿದವರು ನಿಟ್ಟುಸಿರು ಬಿಟ್ಟು ಪುಸ್ತಕ ಮುಚ್ಚುತ್ತಾರೆ. ಇದನ್ನು ಓದಿದ ಯಾವುದೋ ತಾಯಿ ಎದ್ದು ಮೇಕೆಯ ಹಗ್ಗ ಬಿಚ್ಚುತ್ತಾಳೆ.

ಬೆಳಿಗ್ಗೆ ಹೋಗಿ ಬೇಡವೆಂದು ಬರಬಹುದು. ಹಾಳೆ ಮಾತ್ರ ಅವರ ಹತ್ತಿರವೇ ಉಳಿದಿದೆ. ನಾನು ಬಿಟ್ಟರೂ ಅದು ಅಚ್ಚಾಗುತ್ತದೆ. ಕೇಳಿ ವಾಪಸ್ ತರಬೇಕು. ತಂದು ಹರಿಯಬೇಕು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ.