ಗುಬ್ಬಿಯ ಹಲ್ಲಿನ ಸಂದು

ಭಾನುವಾರ, ಮಾರ್ಚ್ ೯

ಪ್ರೀತಿಯ ಭಾವನಿಗೆ ನಿಮ್ಮ ದಡ್ಡ ಭಾವಮೈದನ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ನನ್ನ ಸೊಂಟ ಒಂದು ಬಿಟ್ಟು. ಅದು ನನ್ನ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಥೇಟ್ ನನ್ನ ಹೆಂಡತಿಯ ಹಾಗೆ. ನಿಮ್ಮ ಪತ್ರ ಬಂದು ತುಂಬ ದಿನವಾಯಿತು. ಉತ್ತರ ಬರೆದಿಲ್ಲ ಅಂತ ಅಕ್ಕ ಮುಖ ಊದಿಸಿಕೊಂಡಿರುತ್ತಾಳೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಏನೋ ಒಂದು ತಮಾಷೆ ಮಾಡಿ ಮಾತು ತಪ್ಪಿಸಿಬಿಡುತ್ತೇನೆ, ನೀವೂ ಹೋಗಲಿ ಬಿಡು ಅನ್ನುತ್ತೀರಿ. ಅದಕ್ಕೇ ಪೆನ್ನು ಹಿಡಿದೆ. ಯಾವತ್ತಿನ ಹಾಗೆ ಇದನ್ನೂ ನೀವು ಜೋರಾಗಿ ಓದುತ್ತಿರುತ್ತೀರಿ, ಅವಳು ಕನ್ನಡಕ ಹುಡುಕುತ್ತಾ ಕೇಳಿಸಿಕೊಳ್ಳುತ್ತಿರುತ್ತಾಳೆ. ಅಕ್ಕಾ, ತಲೆ ಮೇಲೆ ಮುಟ್ಟಿ ನೋಡು, ಅಲ್ಲೇ ಇರುತ್ತೆ.

ವಿಷಯಕ್ಕೆ ಬರುತ್ತೇನೆ. ಗುಬ್ಬಿ ನಮ್ಮನ್ನೆಲ್ಲ ಬಿಟ್ಟು ಹೋದ ಮೇಲೆ ಅಕ್ಕ ನನ್ನನ್ನು ಕೇಳಿದ್ದು ಒಂದೇ ಒಂದು ಕೆಲಸ. "ನಿನ್ನ ಅಂಗಡೀಲಿ ಕಂಪ್ಯೂಟರ್ ಇದ್ಯಲ್ಲೋ. ನಿಮ್ಮ ಭಾವ ಫೋನಲ್ಲಿ ತೆಗೆದಿರೋ ನನ್ನ ಮಗಳ ವಿಡಿಯೋ ಎಲ್ಲಾ ಸೇರಿಸಿ ಹೊಲಿದು ಕೊಡು. ಸೋಫಾ ಹೊಲಿಯೋನಿಗೆ ಅದೇನು ಮಹಾ. ಅವಳು ಹುಟ್ಟಿದ ದಿನ ದೊಡ್ಡ ಟೀವೀಲಿ ಹಾಕ್ಕೊಂಡು ನೋಡ್ತೀನಿ. ನಕ್ಕಾಗ ಮುಂದಿನ ಹಲ್ಲಿನ ಸಂದು ಕಾಣ್ಬೇಕು ನಂಗೆ, ಅಷ್ಟೆ." ಆ ಸಂದು ನಮ್ಮಪ್ಪ ನನಗೂ ಅಕ್ಕನಿಗೂ ಸಮನಾಗಿ ಹಂಚಿಹೋದ ಒಂದೇ ಆಸ್ತಿ. ಅಕ್ಕನಿಂದ ಗುಬ್ಬಿಗೆ ಬಂದಿತ್ತು.

ನನ್ನ ಕಂಪ್ಯೂಟರ್ ನಿಮಗೆ ಗೊತ್ತಲ್ಲ. ಒಂದು ಆಫೀಸಿನವರು ಕುರ್ಚಿಗಳಿಗೆ ಹೊಸ ರೆಗ್ಸಿನ್ ಹಾಕಿಸಿದಾಗ "ಇದನ್ನೂ ಎತ್ಕೊಂಡು ಹೋಗಪ್ಪ, ಜಾಗ ಆಗುತ್ತೆ" ಅಂತ ಕೊಟ್ಟದ್ದು. ಅದರೊಳಗೆ ವಿಡಿಯೋ ಕತ್ತರಿಸುವ ಸಾಫ್ಟ್‌ವೇರ್ ಹಾಕಿಸಿದೆ. ಬಟನ್ ಒತ್ತಿ ಹೋಗಿ ಒಂದು ದಿಂಬಿನ ಹೊಲಿಗೆ ಬಿಚ್ಚಿ, ಹೊಸ ಫೋಮ್ ತುಂಬಿ, ಹೊಲಿದು ಬಂದರೂ ಅದು ಇನ್ನೂ ತೆರೆಯುತ್ತಲೇ ಇರುತ್ತಿತ್ತು. ಕೈಯಿಟ್ಟರೆ ಸುಡುತ್ತೆ. ಪಕ್ಕದ ತಗಡು ಬಿಚ್ಚಿ, ಅಂಗಡಿಯ ಫ್ಯಾನನ್ನು ಅದರ ಕಡೆ ತಿರುಗಿಸಿದೆ. ಗಿರಾಕಿಯೊಬ್ಬರು ಬೆವರು ಒರೆಸಿಕೊಂಡು "ನಮಗೆ ಗಾಳಿ ಇಲ್ವೇನಪ್ಪ?" ಅಂದರು. "ಒಳಗೆ ರೋಗಿ ಇದಾರೆ ಸಾರ್, ಸ್ವಲ್ಪ ಸುಧಾರಿಸ್ಕೊಳ್ಳಿ" ಅಂದೆ.

ಗುಬ್ಬಿ ಸೊಂಟ ಹಿಡಿದುಕೊಂಡು ನನ್ನ ಹಾಗೆ ನಡೆದು ತೋರಿಸುವ ವಿಡಿಯೋ ಇದೆಯಲ್ಲ, ಅದನ್ನೇ ಮೊದಲು ಹಾಕಿದೆ. ಒಂದು ಕಾಲು ಎತ್ತಿದಳು, ಅಲ್ಲಿಗೇ ನಿಂತುಬಿಟ್ಟಳು. ದನಿ ಮಾತ್ರ ಮುಂದೆ ಮುಂದೆ ಹೋಗುತ್ತಿದೆ, "ಮಾಮ, ನೀವು ನಡೆಯೋದು ಹಿಂಗೇ." ಅಷ್ಟು ಹೊತ್ತು ಒಂಟಿಕಾಲಲ್ಲಿ ಅವಳು ಯಾವತ್ತೂ ನಿಂತವಳಲ್ಲ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ನಿಮ್ಮ ಸೊಂಟ ಹಿಡಿದದ್ದು ಅದಕ್ಕೂ ಅಂಟ್ಕೊಳ್ತು" ಅಂದಳು. ಹಾಗಂದು ಒಳಗೆ ಹೋದವಳು ಆಮೇಲೆ ಊಟಕ್ಕೆ ಕರೆಯಲೇ ಇಲ್ಲ.

ಕಂಪ್ಯೂಟರ್ ರಿಪೇರಿ ಅಂಗಡಿಯ ಮೇಡಂ ಹತ್ತಿರ ಹೊತ್ತುಕೊಂಡು ಹೋದೆ. "ಇದು ಓಡುತ್ತಾ ಮೇಡಂ?" ಅಂದೆ. "ಓಡೋ ವಯಸ್ಸು ಮುಗೀತು. ಕೈ ಹಿಡಿದು ನಡೆಸ್ಬಹುದು" ಅಂದರು. ಮೆಮೊರಿ ಜಾಸ್ತಿ ಹಾಕಿದರು, ಡಿಸ್ಕ್ ಬದಲಾಯಿಸಿದರು, ಸಾಫ್ಟ್‌ವೇರಿನ ಹೊಸದು ಬೇಡ ಅಂತ ಹಳೆಯದನ್ನೇ ಹುಡುಕಿ ಹಾಕಿದರು. ಇಷ್ಟೆಲ್ಲ ಮಾಡಿದರೂ ಭಾವ, ಗುಬ್ಬಿಯ ಮುಖ ಮಂಜು ಮಂಜು. ಹಲ್ಲಿನ ಸಂದು ಹೋಗಲಿ, ಹಲ್ಲೆಲ್ಲ ಸೇರಿ ಒಂದು ಬಿಳಿ ಪಟ್ಟಿ. ಕಂಪ್ಯೂಟರಿಗೆ ವಯಸ್ಸಾಯಿತು. ಅಕ್ಕಾ, ನೀನು ಕೇಳಿದ ಹಾಗೆ ಪಿಕ್ಚರ್ ಆಗುವುದಿಲ್ಲ. ಬೈಯುವುದಿದ್ದರೆ ಈಗಲೇ ಬೈದುಬಿಡು, ಭಾವ ಸ್ವಲ್ಪ ಹೊತ್ತು ಓದುವುದನ್ನು ನಿಲ್ಲಿಸಲಿ.

ಬೈದಾಯಿತಾ? ಸರಿ.

ಗುಬ್ಬಿಯ ಸ್ಕೂಟರ್ ಮಾರಿ ನನಗೆ ಹೊಸ ಕಂಪ್ಯೂಟರ್ ಕೊಡಿಸುತ್ತೇನೆ ಅಂತ ಬರೆದಿದ್ದೀರಿ. ಮೆಕ್ಯಾನಿಕ್ ಬಂದು ನೋಡಿಕೊಂಡೂ ಹೋದನಂತೆ. ಅದೊಂದು ಬೇಡ ಭಾವ. ಕಂಪ್ಯೂಟರ್ ಹೊಸದು ಬಂದರೂ ಅದರ ಮುಂದೆ ಕೂರುವವನು ಹಳೆ ಮಾಡೆಲ್ಲೇ ತಾನೆ. ನನಗೆ ಯಾವ ಅಂಗಡಿಯಲ್ಲೂ ಸ್ಪೇರ್ ಪಾರ್ಟ್ ಸಿಗುವುದಿಲ್ಲ. ಸ್ಕೂಟರ್ ಅಲ್ಲೇ ಮೆಟ್ಟಿಲ ಕೆಳಗೆ ಇರಲಿ. ಸೀಟು ಹರಿದಿದ್ದರೆ ಹೇಳಿ, ಬಂದು ಹೊಲಿದುಕೊಡುತ್ತೇನೆ. ಅದು ನನಗೆ ಬರುತ್ತೆ.

ಅಕ್ಕ ಎರಡು ಹೊತ್ತೂ ಉಣ್ಣಲಿ, ನೀವು ಬಿ.ಪಿ. ಮಾತ್ರೆ ಮರೆಯಬೇಡಿ. ಚಿಕ್ಕವನಾದ ನನ್ನ ತಲೆ ಮೇಲೆ ನಿಮ್ಮಿಬ್ಬರ ಕೈ ಹೀಗೇ ಇರಲಿ, ಅಲ್ಲಿ ಕೂದಲಂತೂ ಉಳಿದಿಲ್ಲ.

ಇಂತಿ ನಿಮ್ಮ,
ಸೋಫಾ ಡಾಕ್ಟರ್

ತಾ.ಕ.: ಭಾವ, ಈ ಹಾಳೆ ನಿಮಗೊಬ್ಬರಿಗೆ. ಬೇರೆ ಮಡಚಿ, ಮೇಲೆ 'ರೆಗ್ಸಿನ್ ರೇಟು' ಅಂತ ಬರೆದಿದ್ದೇನೆ. ಅಕ್ಕ ಮುಟ್ಟುವುದಿಲ್ಲ.

ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಆ ಹಳೆ ಕಂಪ್ಯೂಟರಿಗೆ ಆಗುತ್ತೆ. ಮೇಡಂ ಮುಟ್ಟಿದ ಮೇಲೆ ನಿಧಾನಕ್ಕಾದರೂ ಎಲ್ಲಾ ಮಾಡುತ್ತೆ. ಪಿಕ್ಚರ್ ಪೂರ್ತಿ ಆಗಿದೆ. ಕಂಪ್ಯೂಟರಿಗೆ ಆಗಲ್ಲ ಅಂತ ಅಂದುಕೊಂಡಿರುವವರೆಗೂ ನನಗೆ ಧೈರ್ಯ ಇತ್ತು.

ಮುಖ ಯಾಕೆ ಮಂಜು ಅಂತ ನಾನು ಮೇಡಂ ಹತ್ತಿರ ಜಗಳಕ್ಕೇ ಹೋಗಿದ್ದೆ. ಅವರು ತಮ್ಮ ನಾಯಿಯ ವಿಡಿಯೋ ಒಂದನ್ನು ಫೋನಿನಿಂದ ವೈರ್ ಹಾಕಿ ಇಳಿಸಿದರು. ಅದೇ ಕಂಪ್ಯೂಟರ್, ಅದೇ ಪರದೆ. ನಾಯಿಯ ಮೀಸೆ ಒಂದೊಂದೂ ಎಣಿಸುವ ಹಾಗೆ ಕಾಣಿಸಿತು. "ನಿಮ್ಮ ವಿಡಿಯೋ ಮೆಸೇಜಲ್ಲಿ ಬಂದಿರೋದಲ್ವಾ? ಕಳಿಸೋವಾಗ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತೆ" ಅಂದರು.

"ನಮ್ಮ ಫೋಮೂ ಹಿಂಡಿ ಸುತ್ತೇ ಬರೋದು ಮೇಡಂ. ಬಿಚ್ಚಿ ಬಿಟ್ರೆ ತಾನಾಗೇ ಉಬ್ಬುತ್ತೆ. ಇದು ಉಬ್ಬಲ್ವಾ?"

"ಇದು ಉಬ್ಬಲ್ಲಣ್ಣ. ಹಿಂಡೋವಾಗ ಬಿದ್ದಿದ್ದು ಬಿತ್ತು. ಕಳಿಸಿದವರ ಫೋನಲ್ಲಿ ಅಸಲು ಇರುತ್ತೆ, ಅದನ್ನೇ ತರಿಸ್ಕೊಳ್ಳಿ."

ಆಗ ನೀವು ಹೇಳಿದ್ದು ನೆನಪಾಯಿತು. "ಫೋನ್ ತುಂಬಿ ಹೋಗಿತ್ತು ಕಣೋ. ಒಂದೊಂದೇ ನಿಂಗೆ ಕಳಿಸ್ದೆ, ತಲುಪ್ತು ಅಂತ ಬಂದ ಮೇಲೆ ಇಲ್ಲಿಂದ ತೆಗೀತಾ ಬಂದೆ. ಎಲ್ಲಾ ನಿನ್ನ ಹತ್ರ ಭದ್ರ." ಆಮೇಲೆ ಆ ಫೋನನ್ನೂ ಕೊಟ್ಟು ಹೊಸದು ತಂದಿರಿ. ಇಷ್ಟನ್ನು ಮೇಡಂಗೆ ಹೇಳಿದೆ. ಅವರು ನಾಯಿಯ ವಿಡಿಯೋ ಆರಿಸಿ, ವೈರ್ ಸುತ್ತಿಟ್ಟರು.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ಹಾಗೇ ಮಾಡುತ್ತಿದ್ದೆ. ಕಳಿಸಿದ ಸಾಮಾನು ಅಲ್ಲಿ ತಲುಪಿದ ಮೇಲೆ ಇಲ್ಲಿ ಎಲ್ಲಿರುತ್ತೆ? ನಿಮಗೆ ಇದನ್ನು ಹೇಳಲೇಬಾರದು ಅಂತ ಇದ್ದೆ. ಸ್ಕೂಟರ್ ಹೋಗಿ, ಹೊಸ ಕಂಪ್ಯೂಟರ್ ಬಂದು, ಅದರಲ್ಲೂ ಅದೇ ಮಂಜು ಬಂದರೆ ಅಕ್ಕ ಯಾಕೆ ಅಂತ ಕೇಳುತ್ತಾಳೆ. ಅದಕ್ಕೇ ಬರೆದೆ. ತಪ್ಪೆಲ್ಲ ಕಂಪ್ಯೂಟರಿನ ಮೇಲಿರಲಿ ಭಾವ, ಅದು ಬೇಜಾರು ಮಾಡಿಕೊಳ್ಳುವುದಿಲ್ಲ.

ಆಗಿರುವ ಪಿಕ್ಚರನ್ನು ಕಳಿಸುವುದಿಲ್ಲ. ಮಂಜಿನಲ್ಲಿ ನಿಂತ ಮಗಳನ್ನು ದೊಡ್ಡ ಟೀವಿಯಲ್ಲಿ ಅಕ್ಕ ನೋಡುವುದು ಬೇಡ. ಗುಬ್ಬಿ ಹುಟ್ಟಿದ ದಿನ ಅಕ್ಕ ಸಂದು ನೋಡಲೇಬೇಕು ಅಂತ ಹಟ ಹಿಡಿದರೆ ನನ್ನನ್ನು ಕರೆಸಿ. ಬಂದು ಟೀವಿ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅವತ್ತು ನನಗೆ ನಗು ಬರುತ್ತೋ ಇಲ್ಲವೋ. ಹಲ್ಲು ಕಿರಿಯುವುದಂತೂ ಆಗುತ್ತೆ.