ಸ್ವಾಲೆಯ ಎಡಗೈ

ವಾಲ್ಬಿ, ಕೋಪನ್‌ಹೇಗನ್
೬ ಫೆಬ್ರವರಿ ೨೦೨೪

ಪ್ರೀತಿಯ ಸಿಸೆಲ್,

ಹನ್ನೆರಡು ವರ್ಷಗಳಿಂದ ಕ್ರಿಸ್‌ಮಸ್ಸಿಗೊಂದು ಕಾರ್ಡು ಬಿಟ್ಟರೆ ನಿನಗೆ ಬೇರೇನನ್ನೂ ಬರೆದವಳಲ್ಲ ನಾನು. ಈ ಲಕೋಟೆ ಇಷ್ಟು ದಪ್ಪಗಿರುವುದನ್ನು ನೋಡಿ ಯಾರೋ ಸತ್ತರೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಹಿಂದೆ ನಾನೊಂದು ಸುಳ್ಳು ಹೇಳಿದ್ದೆ. ಅದನ್ನು ನಿನ್ನ ಮುಂದೆ ಒಪ್ಪಿಕೊಳ್ಳದೆ ಇನ್ನು ನನ್ನ ಕೈಯಲ್ಲಿ ಪೆನ್ಸಿಲು ಹಿಡಿಯುವುದಕ್ಕೆ ಆಗುತ್ತಿಲ್ಲ.

ಸ್ವಾಲೆಯ ಮೂರನೆಯ ಅನಿಮೇಷನ್ ಚಿತ್ರ ಮಾಡುತ್ತಿದ್ದಾರೆ. ಹೌದು, ನಮ್ಮ ಸ್ವಾಲೆಯೇ. ನಾವಿಬ್ಬರೂ ಸೇರಿ ಹಾಳೆಯ ಮೇಲೆ ಹುಟ್ಟಿಸಿದ, ದೀಪಸ್ತಂಭದ ಕಾವಲುಗಾರನ ಮಗಳು. ನಿರ್ದೇಶಕಿ ಲಿವಾ ಎಂಬ ಹುಡುಗಿ. ಹುಡುಗಿ ಎಂದೆ, ಮೂವತ್ತಮೂರು ವರ್ಷ ಅವಳಿಗೆ. ನಮ್ಮ ಮೊದಲ ಚಿತ್ರವನ್ನು ಹನ್ನೆರಡರ ವಯಸ್ಸಿನಲ್ಲಿ ಏಳು ಸಲ ನೋಡಿದವಳಂತೆ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ನನ್ನನ್ನು ಸಲಹೆಗಾರ್ತಿ ಎಂದು ಕರೆಸಿಕೊಂಡು ಒಂದು ಒಳ್ಳೆಯ ಕುರ್ಚಿ ಕೊಟ್ಟಿದ್ದಾರೆ.

ಕಳೆದ ವಾರ ಲಿವಾ ನಮ್ಮ ಹಿಂದಿನ ಎರಡೂ ಚಿತ್ರಗಳ ಸ್ವಾಲೆಯ ನಡಿಗೆಯನ್ನು ಅಕ್ಕಪಕ್ಕ ಇಟ್ಟು ಪರದೆಯ ಮೇಲೆ ಓಡಿಸಿದಳು. ಹತ್ತು ಜನರ ಎದುರಿಗೆ ನನ್ನನ್ನು ಕೇಳಿದಳು:

“ಮೆರೆಟೆ, ಇವರಿಬ್ಬರಲ್ಲಿ ನಿಜವಾದ ಸ್ವಾಲೆ ಯಾರು ಹೇಳಿ. ಮೊದಲನೇದ್ರಲ್ಲಿ ಗದ್ದ ಎತ್ಕೊಂಡು, ಎರಡೂ ಕೈ ಬೀಸ್ಕೊಂಡು, ನೆಲಾನ ಒದ್ಕೊಂಡು ಹೋಗ್ತಾಳೆ. ಎರಡನೇದ್ರಲ್ಲಿ ನೋಡಿ, ಹೆಜ್ಜೆ ಚಿಕ್ಕದಾಗಿದೆ, ಭುಜ ಬಾಗಿದೆ, ಎಡಗೈ ಮೈಗೆ ಅಂಟ್ಕೊಂಡಿದೆ. ಅಪ್ಪ ಸಮುದ್ರದಿಂದ ವಾಪಸ್ ಬರಲಿಲ್ಲ ಅನ್ನೋದು ಆ ಒಂದು ಕೈಯಲ್ಲೇ ಗೊತ್ತಾಗುತ್ತೆ. ನಂಗೆ ಎರಡನೇದೇ ಬೇಕು. ಈ ಸಲ ಅದನ್ನ ಇನ್ನೂ ಜಾಸ್ತಿ ಮಾಡೋಣ.”

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆಮೇಲೆ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ.

ಆ ಕೈಯನ್ನು ಯೋಚಿಸಿ ಮಾಡಿದ್ದು ನಾನು ಎಂದು ಲೋಕವೆಲ್ಲ ನಂಬಿದೆ. ೨೦೧೧ರ ವಸಂತದಲ್ಲಿ ಎರಡನೆಯ ಚಿತ್ರಕ್ಕೆ ಬಹುಮಾನ ಬಂದಾಗ ಅದರ ನಿರ್ದೇಶಕಿಯಾಗಿ ನಾನೇ ವೇದಿಕೆಯ ಮೇಲೆ ನಿಂತು, ದುಃಖದಲ್ಲಿರುವ ಮಗು ತನ್ನ ಒಂದು ಕೈಯನ್ನು ತನಗಾಗಿಯೇ ಇಟ್ಟುಕೊಳ್ಳುತ್ತದೆ ಎಂದು ಏನೇನೋ ಹೇಳಿದೆ. ಚಪ್ಪಾಳೆ ತಟ್ಟಿದರು. ಪತ್ರಿಕೆಯವರೂ ಅದನ್ನೇ ಬರೆದರು. ಸಿಸೆಲ್, ನಾನು ಏನನ್ನೂ ಯೋಚಿಸಿ ಮಾಡಿರಲಿಲ್ಲ. ನೀನು ನಡೆದೆ, ನಾನು ಬರೆದೆ, ಅಷ್ಟೇ.

ನಮ್ಮ ಕೆಲಸದ ಪದ್ಧತಿ ನೆನಪಿದೆಯಲ್ಲ? ನಡಿಗೆಯನ್ನು ಊಹಿಸಿ ಬರೆಯಬಾರದು, ಯಾರಾದರೂ ನಡೆಯಲೇಬೇಕು ಎಂಬುದು ನಮ್ಮ ಹಟ. ಕಾಫಿ ಕೋಣೆಯಿಂದ ಸಂಕಲನದ ಕೋಣೆಯವರೆಗಿನ ಓಣಿ, ನಿನ್ನ ಲೆಕ್ಕದಲ್ಲಿ ಹದಿನಾರು ಹೆಜ್ಜೆ. ನೀನು ಉಣ್ಣೆಯ ಕಾಲುಚೀಲದಲ್ಲಿ ಹೋಗಿ ಬರುತ್ತಿದ್ದೆ, ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತು ಗೀಚುತ್ತಿದ್ದೆ. ಮೊದಲ ಚಿತ್ರದ ಕಾಲಕ್ಕೆ ನಿನಗೆ ನಲವತ್ತಮೂರು ವರ್ಷ. ಒಂಬತ್ತು ವರ್ಷದ ಮಗುವಿನ ಹಾಗೆ ನೆಲವನ್ನು ಒದ್ದುಕೊಂಡು ನಡೆಯುತ್ತಿದ್ದೆ. ಕೆಳಗಿನ ಮಹಡಿಯ ಲೆಕ್ಕಿಗ ಬಂದು, “ಮೇಲೇನು ಕುದುರೆ ಕಟ್ಟಿದ್ದೀರೇನ್ರೀ?” ಎಂದು ಕೇಳಿದ್ದ.

ಎರಡನೆಯ ಚಿತ್ರಕ್ಕೆ ನೀನು ಅದೇ ಓಣಿಯಲ್ಲಿ ನಡೆದದ್ದು ೨೦೦೯ರ ಫೆಬ್ರವರಿಯಲ್ಲಿ. ಬರೆದ ಹನ್ನೆರಡು ಹಾಳೆಗಳನ್ನು ನಾನು ದೀಪದ ಮೇಜಿನ ಮೇಲೆ ಹಳೆಯ ಹಾಳೆಗಳ ಜೊತೆ ಒಂದರ ಮೇಲೊಂದು ಇಟ್ಟೆ. ಕೆಳಗಿನಿಂದ ಬೆಳಕು ಬಂದಾಗ ಆರು ವರ್ಷದ ಹಿಂದಿನ ನೀನು, ಈಗಿನ ನೀನು, ಇಬ್ಬರೂ ಒಟ್ಟಿಗೆ ಕಂಡಿರಿ. ಬಲಗೈ ಎರಡರಲ್ಲೂ ಒಂದೇ. ಎಡಗೈ ಮಾತ್ರ ಸೊಂಟದ ಪಕ್ಕ ನಿಂತೇ ಬಿಟ್ಟಿತ್ತು. ಅಪ್ಪನಿಲ್ಲದ ಮಗುವೆಂದು ನೀನು ಅಭಿನಯಿಸುತ್ತಿದ್ದೀಯೆ ಎಂದುಕೊಂಡೆ. ಚೆನ್ನಾಗಿದೆ ಕಣೇ, ಎಡಗೈಯನ್ನು ಹಾಗೇ ಇಟ್ಟುಕೋ ಎಂದೆ. ನೀನು ತಿರುಗಿ ನೋಡಿ ನಕ್ಕೆ.

“ಎಡಗೈಗೇನಾಗಿದೆ? ನಾನು ಹುಟ್ಟಿದಾಗಿಂದ ಹೀಗೇ ನಡೀತಿರೋದು. ಬೆಳಬೆಳಗ್ಗೆನೇ ಸ್ನಾಪ್ಸ್ ಕುಡ್ಕೊಂಡು ಬಂದಿದೀಯೇನೇ ನೀನು?”

ಆವತ್ತೇ ನನಗೆ ಗೊತ್ತಾಯಿತು. ಕಾಯಿಲೆಯ ಹೆಸರು ಗೊತ್ತಿರಲಿಲ್ಲ, ನಿಜ. ಆದರೆ ನಿನ್ನ ಮೈ ನಿನಗೆ ಹೇಳದೆ ಏನೋ ನಿಲ್ಲಿಸಿಬಿಟ್ಟಿದೆ ಎಂಬುದು ಗೊತ್ತಾಯಿತು. ನಿನ್ನ ನಡಿಗೆಯನ್ನು ನನ್ನಷ್ಟು ನೋಡಿದವರು ಈ ಭೂಮಿಯ ಮೇಲೆ ಯಾರೂ ಇಲ್ಲ. ನಿನ್ನ ತಾಯಿಯೂ ಇಲ್ಲ.

ನಾನು ಹೇಳಲಿಲ್ಲ.

ಇನ್ನೂ ಇದೆ, ಓದು. ಆ ಬೇಸಿಗೆಯಲ್ಲಿ ಒಂದು ಭಂಗಿಯಿಂದ ಇನ್ನೊಂದಕ್ಕೆ ಸೇರಿಸಲು ನೀನು ಬರೆಯುತ್ತಿದ್ದ ನಡುವಿನ ಚಿತ್ರಗಳು ಕುಗ್ಗತೊಡಗಿದವು. ಮೊದಲ ಹಾಳೆಯಲ್ಲಿ ಸರಿಯಾಗಿದ್ದ ಸ್ವಾಲೆ ಹನ್ನೆರಡನೆಯ ಹಾಳೆಗೆ ಬರುವಷ್ಟರಲ್ಲಿ ಒಂದು ಬಾರ್ಲಿ ಕಾಳಿನಷ್ಟು ಕುಳ್ಳಗಾಗಿರುತ್ತಿದ್ದಳು. ಓಡಿಸಿ ನೋಡಿದರೆ ಮಗು ನಡೆಯುತ್ತ ನಡೆಯುತ್ತ ನೆಲಕ್ಕಿಳಿದ ಹಾಗೆ ಕಾಣುತ್ತಿತ್ತು. ನಾನು ಆ ಹಾಳೆಗಳನ್ನು ಮನೆಗೆ ಒಯ್ದು, ಭಾನುವಾರಗಳಲ್ಲಿ ಕೂತು ಮತ್ತೆ ಬರೆದೆ. ನಿನಗೆ ತಿಳಿಯಬಾರದೆಂದು ನಿನ್ನ ಗೆರೆಯನ್ನೇ ಅನುಕರಿಸಿದೆ. ಗೆಳತಿಯ ಮರ್ಯಾದೆ ಕಾಪಾಡುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ. ನಿಜ ಹೇಳಲೇ? ನೀನು ರಜೆ ಹಾಕಿದರೆ ಚಿತ್ರ ನಿಲ್ಲುತ್ತದೆ ಎಂಬ ಹೆದರಿಕೆ ನನಗಿತ್ತು.

ಈಗ ನನಗೆ ಬರೆಯಲು ಎಲ್ಲಕ್ಕಿಂತ ಕಷ್ಟವಾದದ್ದು. ಅದಕ್ಕೂ ಮೊದಲು, ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ನೀನು ಆರು ವಾರ ರಜೆ ಕೇಳಿದೆ. ಅಪ್ಪನ ಜೊತೆ ಯೂಲಂಡಿನ ಹಳೆಯ ಎತ್ತಿನ ದಾರಿಯನ್ನು ವೀಬೋರ್ಗ್‌ನಿಂದ ದೇಶದ ಗಡಿಯವರೆಗೂ ನಡೆಯಬೇಕು ಎಂದೆ. ಆಕ್ಸೆಲ್ ಅಪ್ಪನಿಗೆ ಆಗ ಎಪ್ಪತ್ತೇಳು. ಅವರು ಹೊಸ ಬೂಟು ಕೊಂಡು ಅಡುಗೆಮನೆಯಲ್ಲಿ ಹಾಕಿಕೊಂಡು ಪಳಗಿಸುತ್ತಿದ್ದಾರೆ ಎಂದು ಹೇಳಿ ನಗಿಸಿದೆ. ನಾನು ಏನೆಂದೆ ಎಂಬುದು ನನಗೆ ಅಕ್ಷರಕ್ಷರವೂ ನೆನಪಿದೆ: “ಈ ಚಿತ್ರ ಮುಗೀಲಿ ಮಾರಾಯ್ತಿ. ಆಮೇಲೆ ಗಡಿ ಯಾಕೆ, ರೋಮ್‌ವರೆಗೂ ನಡಿ, ಯಾರು ಬೇಡ ಅಂತಾರೆ?” ನಿಂತುಹೋದ ಆ ಕೈಯನ್ನು ನೋಡಿ ಒಂದು ತಿಂಗಳೂ ಆಗಿರಲಿಲ್ಲ. ನೋಡಿಯೂ ಹಾಗೆಂದೆ.

ಚಿತ್ರ ಮುಗಿದದ್ದು ಮುಂದಿನ ವರ್ಷದ ಅಕ್ಟೋಬರಿನಲ್ಲಿ. ೨೦೧೧ರ ಜನವರಿಯಲ್ಲಿ ಆಕ್ಸೆಲ್ ಅಪ್ಪ ತೀರಿಹೋದರು. ಅದೇ ವರ್ಷದ ಶರತ್ಕಾಲದಲ್ಲಿ ನೀನು ಫೋನು ಮಾಡಿದೆ. “ಪಾರ್ಕಿನ್ಸನ್ ಅಂತೆ ಕಣೇ. ಎರಡು ಮೂರು ವರ್ಷದಿಂದಲೇ ಇದ್ದಿರ್ಬೇಕಂತೆ. ಮೊದಲು ನಿಲ್ಲೋದೇ ಕೈ ಬೀಸೋದಂತೆ. ಯಾರಾದ್ರೂ ಒಂದು ಮಾತು ಹೇಳಿದ್ದಿದ್ರೆ ನಾನು ಅಪ್ಪನ್ನ ಕರ್ಕೊಂಡು ಆ ದಾರಿ ನಡೆದುಬಿಟ್ಟಿರ್ತಿದ್ದೆ.” ನಾನು ರಿಸೀವರ್ ಹಿಡಿದುಕೊಂಡು ಅಯ್ಯೋ ಸಿಸೆಲ್, ಅಯ್ಯೋ ಸಿಸೆಲ್ ಎನ್ನುತ್ತ ನಿಂತಿದ್ದೆ. ಆ ಯಾರಾದರೂ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ನಿನ್ನನ್ನು ನೋಡಲು ನಾನು ಒಂದು ಸಲವೂ ಬರದೇ ಇದ್ದದ್ದಕ್ಕೆ ಕಾರಣ ಇದು. ಕೆಲಸವೂ ಅಲ್ಲ, ಮಂಡಿನೋವೂ ಅಲ್ಲ.

ಫೆಬ್ರವರಿ ಇಪ್ಪತ್ತಾರಕ್ಕೆ ಸ್ವಾಲೆಯ ನಡಿಗೆಯನ್ನು ಅಂತಿಮ ಮಾಡುತ್ತಾರೆ. ಆಮೇಲೆ ಅರವತ್ತು ಜನ ಅದನ್ನೇ ಹಿಡಿದು ಎರಡು ವರ್ಷ ಕೆಲಸ ಮಾಡುತ್ತಾರೆ. ನಿನ್ನ ಕಾಯಿಲೆಯನ್ನು ನನ್ನ ಜಾಣತನವೆಂದು ಒಂದು ಸಲ ಮಾರಿದ್ದೇನೆ. ಎರಡನೆಯ ಸಲ ಮಾರಲಾರೆ. ಲಿವಾಗೆ ನಿಜ ಹೇಳಬೇಕೆಂದಿದ್ದೇನೆ, ಆದರೆ ಅದು ನಿನ್ನ ಮೈಯ ವಿಷಯ, ನಿನ್ನನ್ನು ಕೇಳದೆ ಹೇಳುವಂತಿಲ್ಲ. ಆ ಕೈಯನ್ನು ಏನು ಮಾಡಲಿ? ನೀನು ಹೇಳಿದ ಹಾಗೆ ನಡೆದುಕೊಳ್ಳುತ್ತೇನೆ. ಬೈಯಬೇಕು ಎನಿಸಿದರೆ ಬೈದು ಬರೆ. ಉತ್ತರವೇ ಬರದಿದ್ದರೂ ನನಗೆ ಅರ್ಥವಾಗುತ್ತದೆ.

ನಿನ್ನ ನಡಿಗೆಯನ್ನು ಕದ್ದವಳು,
ಮೆರೆಟೆ

ಸಹಿ ಹಾಕಿದ ಮೇಲೆ: ಎರಡೂ ಚಿತ್ರಗಳ ಏಳನೆಯ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ನಕಲು ಅಲ್ಲ, ಮೂಲವೇ. ಕಿಟಕಿಯ ಗಾಜಿಗೆ ಹಿಡಿದು ನೋಡು.


ವೀಬೋರ್ಗ್
೧೭ ಫೆಬ್ರವರಿ ೨೦೨೪

ಮೆರೆಟೆ,

ಪ್ರೀತಿಯ ಎಂದು ಬರೆಯಲು ಎರಡು ದಿನ ಪ್ರಯತ್ನಿಸಿದೆ, ಆಗಲಿಲ್ಲ. ಮೂರನೆಯ ದಿನಕ್ಕೆ ಆಗುತ್ತಿತ್ತು, ಅಷ್ಟರಲ್ಲಿ ನಿನ್ನ ಹೆಸರು ಬರೆದಾಗಿತ್ತು. ಮತ್ತೆ ಬರೆಯುವಷ್ಟು ಶಕ್ತಿ ಇಲ್ಲ, ನೀನೇ ಸೇರಿಸಿಕೋ.

ಈ ಹಾಳೆಯ ದಪ್ಪ ಗೆರೆಗಳನ್ನು ನೋಡಿ ನಗಬೇಡ. ಗೆರೆ ಇಲ್ಲದಿದ್ದರೆ ನನ್ನ ಅಕ್ಷರ ಇರುವೆಯಾಗುತ್ತದೆ. ನೆಲಕ್ಕೂ ಹಾಗೆಯೇ ಕೆಂಪು ಟೇಪು ಅಂಟಿಸಿದ್ದಾರೆ, ಮಂಚದಿಂದ ಕಿಟಕಿಯವರೆಗೆ ಹನ್ನೊಂದು ಪಟ್ಟಿ. ಬರಿಯ ನೆಲದಲ್ಲಿ ಕಾಲು ಅಂಟಿಕೊಂಡುಬಿಡುತ್ತದೆ, ಮುಂದೆ ಒಂದು ಗೆರೆ ಕಂಡರೆ ದಾಟುತ್ತದೆ. ಮೂವತ್ತು ವರ್ಷ ಗೆರೆ ಎಳೆದವಳ ಕಾಲು ಗೆರೆಯ ಮಾತನ್ನೇ ಕೇಳುತ್ತದೆ ನೋಡು.

ಹಾಳೆಗಳನ್ನು ಮಡಚಿ ಕಳಿಸಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ? ಮೂಲ ಹಾಳೆಯನ್ನು ಮಡಚಿದವರ ಕೈ ಮುರಿಯುತ್ತೇನೆ ಎಂದು ಗೋಡೆಯ ಮೇಲೆ ಬರೆದಿದ್ದವಳು ನೀನೇ. ಆದರೂ ಗಾಜಿಗೆ ಹಿಡಿದು ನೋಡಿದೆ. ನನ್ನ ಗಂಡ ಪ್ರೆಬೆನ್ ಪಕ್ಕದಲ್ಲಿ ನಿಂತಿದ್ದ. “ಈ ಕಡೆಯವಳ್ನೇ ನಾನು ಮದುವೆಯಾಗಿದ್ದು” ಎಂದು ಮೊದಲನೆಯದರ ಮೇಲೆ ಬೆರಳಿಟ್ಟ. ಆಮೇಲೆ ಎರಡನೆಯದರ ಮೇಲೂ ಇಟ್ಟು, “ಇವಳ ಜೊತೆ ಬಾಳಿದ್ದು” ಎಂದ. ನಾವಿಬ್ಬರೂ ಅತ್ತೆವು. ಅದರ ಪಾಪವೂ ನಿನಗೇ ಇರಲಿ.

ನನಗೆ ಸಿಟ್ಟು ಬಂದಿದೆ. ರಜೆ ಕೊಡದೇ ಇದ್ದದ್ದಕ್ಕೆ, ಭಾನುವಾರ ಕೂತು ನನ್ನ ಹಾಳೆ ತಿದ್ದಿದ್ದಕ್ಕೆ. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಸುಳ್ಳು ನಮ್ಮಿಬ್ಬರ ನಡುವೆ ಈಗಾಗಲೇ ಬೇಕಾದಷ್ಟಿದೆ.

ಲಿವಾಗೆ ಎಲ್ಲವನ್ನೂ ಹೇಳು, ನನ್ನ ಹೆಸರು ಹಿಡಿದೇ ಹೇಳು. ಸ್ವಾಲೆಗೆ ಈಗ ಎಷ್ಟು ವರ್ಷ, ಹದಿನಾರೇ? ಅವಳಿಗೆ ದುಃಖವಿದೆ, ಕಾಯಿಲೆ ಇಲ್ಲ. ಎರಡೂ ಕೈ ಬೀಸಲಿ. ಆ ಎಡಗೈ ನನ್ನದು, ನನಗೆ ವಾಪಸು ಕೊಡಿ. ನಡೆಯುವುದಕ್ಕೆ ಯಾರೂ ಸಿಗದಿದ್ದರೆ ನೀನೇ ಓಣಿಯಲ್ಲಿ ನಡೆ. ಅರವತ್ತಾರರ ಮುದುಕಿ ಗದ್ದ ಎತ್ತಿಕೊಂಡು ಒದ್ದುಕೊಂಡು ನಡೆಯುವುದನ್ನು ಅವರೂ ನೋಡಲಿ.

ಏಪ್ರಿಲ್‌ನಲ್ಲಿ ನೆಲ ಒಣಗಿದ ಮೇಲೆ ಬಾ. ಎತ್ತಿನ ದಾರಿ ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ, ಅಲ್ಲಿ ಮರಳಿದೆ. ಒಂದು ಕೋಲು ಹಿಡಿದು ನೀನು ನನ್ನ ಮುಂದೆ ಗೆರೆ ಎಳೆಯುತ್ತ ಹಿಂದಕ್ಕೆ ಸರಿಯಬೇಕು, ನಾನು ದಾಟುತ್ತ ಬರುತ್ತೇನೆ. ಹದಿನಾರು ಹೆಜ್ಜೆ ಸಾಕು.

ಸಿಸೆಲ್

ಸಹಿ ಹಾಕಿದ ಮೇಲೆ: ಇದನ್ನು ಬರೆಯದೆ ಲಕೋಟೆ ಅಂಟಿಸಲಾಗಲಿಲ್ಲ. ಎರಡನೆಯ ಚಿತ್ರದ ಮೊದಲ ಪ್ರದರ್ಶನಕ್ಕೆ ಅಪ್ಪನನ್ನು ಕರೆತಂದಿದ್ದೆನಲ್ಲ, ಸ್ವಾಲೆ ದಂಡೆಯ ಮೇಲೆ ನಡೆದು ಬರುವಾಗ ಅವರು ಕತ್ತಲಲ್ಲಿ ನನ್ನ ಎಡಗೈ ಹಿಡಿದುಕೊಂಡರು. ಹೊರಗೆ ಬಂದ ಮೇಲೆ, “ಮಗಾ, ಆ ಹುಡುಗಿ ನಿನ್ನ ಹಾಗೇ ನಡೀತಾಳೆ. ನಿನ್ನ ಕೈಗೆ ಏನಾಗಿದೆ ಅಂತ ಡಾಕ್ಟ್ರಿಗೆ ತೋರಿಸು. ಬಾ, ಈ ತಿಂಗಳೇ ನಡೆದು ಬಂದ್ಬಿಡೋಣ, ಚಳಿಗೇನು, ಬೂಟು ಇದೆ” ಎಂದರು. ಅದು ಮೆರೆಟೆಯ ಕಲ್ಪನೆ ಅಪ್ಪಾ, ದುಃಖದಲ್ಲಿರುವ ಮಗು ಹಾಗೇ ನಡೆಯುವುದು ಎಂದೆ. ವಸಂತ ಬರಲಿ, ಹೋಗೋಣ ಎಂದೆ. ಹಾಗಾಗಿ ನಿನ್ನ ಸುಳ್ಳನ್ನು ನಿನಗಿಂತ ಮೊದಲು ಹೇಳಿದವಳು ನಾನು. ಯಾರಾದರೂ ಒಂದು ಮಾತು ಹೇಳಿದ್ದಿದ್ದರೆ ಎಂದು ಫೋನಿನಲ್ಲಿ ಅತ್ತೆನಲ್ಲ, ಅಪ್ಪ ಹೇಳಿದ್ದರು, ಮೆರೆಟೆ. ಬೂಟು ಇಲ್ಲೇ ಇದೆ. ನಿನ್ನ ಕಾಲಿಗೆ ಸ್ವಲ್ಪ ದೊಡ್ಡದಾಗಬಹುದು, ಉಣ್ಣೆಯ ಕಾಲುಚೀಲ ಎರಡು ಜೊತೆ ತಾ.